ಕೈ ಇಟ್ಟು ಹೇಳಿ

ಆಗಸ್ಟ್ 3, ಬೆಳಿಗ್ಗೆ

ಮತ್ತೆ ಕೈ ತೊಳೆದದ್ದಾಯಿತು. ಗೋಡೆಯ ಚಿತ್ರದಲ್ಲಿರುವ ಹಾಗೆಯೇ — ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಮೊಣಕೈವರೆಗೆ. ಚರ್ಮ ಒಣಗಿ ಬಿಳಿಚಿಕೊಂಡಿದೆ. ಪರವಾಗಿಲ್ಲ. ಆಮೇಲೆ ಹಸಿರು ಗೌನು, ತಲೆಗೆ ಟೋಪಿ. ಟೋಪಿಯಲ್ಲಿ ತಾಯಂದಿರೆಲ್ಲ ಸಾಲಾಗಿ ಜೋಡಿಸಿಟ್ಟ ಹೂಕೋಸಿನ ಹಾಗೆ ಕಾಣುತ್ತೇವೆ.

ಎರಡನೇ ಪೆಟ್ಟಿಗೆ. ಇದ್ದಾಳೆ. ಮಾನಿಟರಿನ ಹಸಿರು ಗೆರೆ ಓಡುತ್ತಿದೆ. ಮೊದಲು ಗೆರೆ, ಆಮೇಲೆ ಮಗು — ದಿನಾ ಇದೇ ಕ್ರಮ. ಗೆರೆ ನೋಡದೆ ಮಗುವನ್ನು ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಬರಬೇಕಾದ್ದಕ್ಕಿಂತ ಎರಡೂವರೆ ತಿಂಗಳು ಮೊದಲೇ ಬಂದುಬಿಟ್ಟಳು. ಅವಸರದಲ್ಲಿ ಅವಳ ಅಪ್ಪನ ಹಾಗೆ. ಗಾಜಿನ ಪೆಟ್ಟಿಗೆ, ಬೆಚ್ಚಗಿನ ಗಾಳಿ, ಮೂಗಿನ ನಳಿಕೆಯಲ್ಲಿ ಚಮಚೆಯಷ್ಟೂ ಇಲ್ಲದ ಹಾಲು. ಅಷ್ಟಕ್ಕೆ ನಾನು ಪಂಪಿನ ಮುಂದೆ ತಪಸ್ಸು ಕೂರಬೇಕು. ಮಿಕ್ಕದ್ದು ಫ್ರಿಜ್ಜಿಗೆ.

ವಾರ್ಡಿನ ಕೊನೆಯ ಗೋಡೆಗೆ ದೊಡ್ಡ ಸ್ಕ್ರೀನು. ಎಲ್ಲರೂ ಬೋರ್ಡು ಅನ್ನುತ್ತಾರೆ. ಪೆಟ್ಟಿಗೆಗೊಂದು ಸಾಲು: ತಾಯಿಯ ಹೆಸರು, ಮಗುವಿನ ತೂಕ, ಹಾಲು, ಔಷಧಿ. ಆ ಬೋರ್ಡಿನ ಪ್ರೋಗ್ರಾಂ ಬರೆದವಳು ನಾನೇ, ಇದೇ ಆಸ್ಪತ್ರೆಯ ಕೆಳಗಿನ ಮಹಡಿಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಕೂತು. ಆಗೆಲ್ಲ ಇವು ನನಗೆ ಬರಿಯ ಸಾಲುಗಳು. ಈಗ ಎರಡನೇ ಸಾಲಿನಲ್ಲಿ ನನ್ನದೇ ಹೆಸರು, ಪಕ್ಕದಲ್ಲಿ 'ಮಗು' ಅಂತ. ಮೊದಲು ಇಲ್ಲಿ ನನ್ನನ್ನು ಕಂಪ್ಯೂಟರ್ ಮೇಡಂ ಅನ್ನುತ್ತಿದ್ದರು. ಈಗ 'ಎರಡನೇ ಪೆಟ್ಟಿಗೆ ಅಮ್ಮ'. ಬಡ್ತಿಯೋ ಹಿಂಬಡ್ತಿಯೋ ಗೊತ್ತಿಲ್ಲ.

ಹೆಡ್ ಸಿಸ್ಟರ್ ಅವರದು ಒಂದು ನಿಯಮ. ಹಾಲೇ ಇರಲಿ, ಔಷಧಿಯೇ ಇರಲಿ, ಕೊಡುವ ಮೊದಲು ಪೆಟ್ಟಿಗೆಯ ಮೇಲೆ ಅಂಗೈ ಇಡಬೇಕು, ಕಾಲಿನ ಗುರುತಿನ ಪಟ್ಟಿ ಓದಬೇಕು, ಗಟ್ಟಿಯಾಗಿ "ಈ ಮಗು" ಅನ್ನಬೇಕು. ದೊಡ್ಡ ಡಾಕ್ಟರಿಗೂ ರಿಯಾಯಿತಿ ಇಲ್ಲ. ಇವತ್ತು ಅವರು ಫೈಲು ನೋಡುತ್ತಾ "ಮಗೂಗೆ ಹಾಲು ಸ್ವಲ್ಪ ಜಾಸ್ತಿ ಮಾಡಿ" ಅಂದರು. ಹೆಡ್ ಸಿಸ್ಟರ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಯಾವ ಮಗೂಗೆ ಸಾರ್? ಇಲ್ಲಿ ಎಂಟಿದಾವೆ. ಕೈ ಇಟ್ಟು ಹೇಳಿ."

ಪಾಪ, ಡಾಕ್ಟರು ಬಂದು ನಮ್ಮ ಪೆಟ್ಟಿಗೆಯ ಮೇಲೆ ಕೈ ಇಟ್ಟರು. "ಈ ಮಗು." ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಹಾಲು ಜಾಸ್ತಿಯಾದದ್ದು ನಮಗೆ.

ಆಗಸ್ಟ್ 5, ಮಧ್ಯಾಹ್ನ

ಅತ್ತೆ ಡಬ್ಬಿ ತಂದರು. ನಾನು ಉಣ್ಣುವವರೆಗೆ ಕಣ್ಣು ಮಿಟುಕಿಸದೆ ಕಾವಲು. "ಇನ್ನೆರಡು ತುತ್ತು. ಅದು ನಿಂಗಲ್ಲ, ಗುಂಡುಸೂಜಿಗೆ."

ಗುಂಡುಸೂಜಿ ಅಂದರೆ ನನ್ನ ಮಗಳು. ಮೊದಲ ದಿನ ಗಾಜಿನ ಆಚೆಯಿಂದ ನೋಡಿ, "ಅಯ್ಯೋ, ಗುಂಡುಸೂಜಿ ಹಂಗಿದಾಳಲ್ಲೇ, ತಲೆ ಒಂದೇ ಕಾಣ್ಸೋದು" ಅಂದಿದ್ದರು. ಹಾಗಂದು ಅತ್ತಿದ್ದರು. ಆ ಹೆಸರು ನಿಂತುಬಿಟ್ಟಿದೆ. ಅದು ಹೆಸರಲ್ಲ, ಹಾಗಾಗಿ ನನಗೆ ಅಡ್ಡಿಯಿಲ್ಲ.

ಹೆಸರು ಇಡುವುದಿಲ್ಲ. ಹಾಗಂತ ಎಲ್ಲರಿಗೂ ಹೇಳಿದ್ದೇನೆ. ಮನೆಗೆ ಬಂದ ಮೇಲೆ ನೋಡೋಣ.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ. ಮೊದಲ ಸಲ ಐದನೇ ತಿಂಗಳಿಗೇ ಹೆಸರು ಗೊತ್ತು ಮಾಡಿಬಿಟ್ಟಿದ್ದೆವು. ಅತ್ತೆ ಉಲ್ಲನ್ ಟೋಪಿ ಹೆಣೆದು, ಅದರ ಮೇಲೆ ಆ ಹೆಸರು ಕಸೂತಿ ಹಾಕಿದ್ದರು. ಮಗು ಉಳಿಯಲಿಲ್ಲ. ಹೆಸರು ಉಳಿಯಿತು. ಈಗಲೂ ಬೀದಿಯಲ್ಲಿ ಯಾರಾದರೂ ತಮ್ಮ ಮಗುವನ್ನು ಆ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತೇನೆ. ಕೂಡಲೇ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗುತ್ತೇನೆ.

ಈ ಸಲ ಯಾವ ಹೆಸರೂ ಬೇಡ ಅಂದಿದ್ದೆ. ಆದರೂ ಒಂದು ಭಾನುವಾರ ಇವರು ಕಾರು ಒರೆಸುತ್ತಾ, ನನ್ನ ಕಡೆ ನೋಡದೆ, ಬಾನೆಟ್ಟಿಗೆ ಹೇಳುವವರ ಹಾಗೆ, ಒಂದು ಹೆಸರು ಹೇಳಿದರು. ಎರಡಕ್ಷರದ್ದು. ಚೆನ್ನಾಗಿತ್ತು. ಕೇಳಿಸಲೇ ಇಲ್ಲ ಅನ್ನುವ ಹಾಗೆ ಬಕೆಟ್ಟಿನ ನೀರು ಚೆಲ್ಲಲು ಹೋದೆ. ಮತ್ತೆ ಅವರೂ ಹೇಳಲಿಲ್ಲ.

ಸಂಜೆ ಬರುತ್ತಾರೆ. ಡ್ರೈವಿಂಗ್ ಕಲಿಸಿ ಕಲಿಸಿ ಅವರ ಬಲಗಾಲು ಕೂತಲ್ಲೂ ಬ್ರೇಕು ತುಳಿಯುತ್ತಿರುತ್ತದೆ. ಪೆಟ್ಟಿಗೆಯ ಮುಂದೆ ನಿಂತಾಗಂತೂ ಒಂದೇ ಸಮನೆ.

ಆಗಸ್ಟ್ 8

ಮೂರನೇ ಪೆಟ್ಟಿಗೆಗೆ ಹೊಸ ಗಂಡು ಮಗು. ಅವನ ಅಮ್ಮನದು ಬ್ಯೂಟಿ ಪಾರ್ಲರ್. ಬಾಯಿ ಅಂದರೆ ಬಾಯಿ. ಬಂದು ಅರ್ಧ ಗಂಟೆಗೆ ನನ್ನ ಪೂರ್ತಿ ಚರಿತ್ರೆ ತಿಳಿದುಕೊಂಡಳು, ಒಂದು ಗಂಟೆಗೆ ನನ್ನ ಹುಬ್ಬಿನ ಸ್ಥಿತಿಗತಿ ಹೇಳಿದಳು. "ಅಕ್ಕ, ತಪ್ಪು ತಿಳ್ಕೋಬೇಡಿ, ಹುಬ್ಬೇ ಅದು? ಪೊದೆ. ಡಿಸ್ಚಾರ್ಜ್ ಆದ್ಮೇಲೆ ಬನ್ನಿ, ಫ್ರೀ ಮಾಡ್ಕೊಡ್ತೀನಿ."

ಅವಳು ಮಗನನ್ನು ಹೆಸರು ಹಿಡಿದೇ ಮಾತಾಡಿಸುತ್ತಾಳೆ. ಎದುರು ಕೂತ ಗಿರಾಕಿಯನ್ನು ಮಾತಾಡಿಸುವ ಹಾಗೆ, ಗಟ್ಟಿಯಾಗಿ. "ಏನಪ್ಪಾ, ನಿನ್ನೆಗಿಂತ ಕಲರ್ ಬಂದಿದೆಯಲ್ಲ!" ನನಗೆ ಮೈ ಜುಂ ಅನ್ನುತ್ತದೆ. ಇಷ್ಟು ಗಟ್ಟಿಯಾಗಿ ಹೆಸರು ಹೇಳಬಾರದು, ಯಾವುದೋ ಕಿವಿಗೆ ಬಿದ್ದರೆ... ಯಾವ ಕಿವಿ ಅಂತ ಕೇಳಬೇಡಿ. ಓದಿದವಳಂತೆ ನಾನು.

ಬೋರ್ಡು ನೋಡಿ ಅವಳಿಗೆ ಸಿಟ್ಟು. "ಇದ್ಯಾಕೆ ನನ್ನ ಹೆಸರು ಹಾಕಿದಾರೆ? ಮಲ್ಕೊಂಡಿರೋನು ನಾನಾ? ಅವನ ಹೆಸರು ಹಾಕಿ!"

ಹೆಡ್ ಸಿಸ್ಟರ್ ನನ್ನ ಕಡೆ ತಿರುಗಿದರು. "ಕೇಳಿದ್ರಾ ಮೇಡಂ? ಈ ಮಾತು ಎಷ್ಟು ಜನ ತಾಯಂದಿರು ಹೇಳಿದಾರೆ. ನೀವು ಹೆಂಗೂ ಇಲ್ಲೇ ಕೂತಿರ್ತೀರಿ. ಹೆಸರಿಗೊಂದು ಖಾನೆ ಮಾಡ್ಕೊಡಿ. ಇಟ್ಟಿರೋರು ಹಾಕ್ಕೊಳ್ಲಿ, ಇಲ್ದೋರು ಖಾಲಿ ಬಿಡ್ಲಿ."

ಬಹಳ ದಿನಗಳ ಮೇಲೆ ಯಾರೋ ಮೇಡಂ ಅಂದರು. ಆಯ್ತು ಅಂದುಬಿಟ್ಟೆ.

ಆಗಸ್ಟ್ 9, ಮಧ್ಯಾಹ್ನ

ತಾಯಂದಿರ ಕೋಣೆ. ಎಡಕ್ಕೆ ಪಂಪು, ಬಲಕ್ಕೆ ಲ್ಯಾಪ್‌ಟಾಪು. ಸೆಕ್ಷನ್ನಿನ ಸಾರ್ ಕಳಿಸಿಕೊಟ್ಟರು, ಜೊತೆಗೆ ಒಂದು ಚೀಟಿ — 'ರಜೆಯಲ್ಲೂ ಕೆಲಸವೇ? ಮಗುವಿಗೆ ನನ್ನ ಆಶೀರ್ವಾದ. ಬ್ಯಾಕಪ್ ತೆಗೆದುಕೊಳ್ಳಿ.'

ಎಷ್ಟು ಹಾಯಾಗಿತ್ತು! ಹೊರಗೆ ಯಾವುದೂ ನನ್ನ ಕೈಯಲ್ಲಿಲ್ಲ. ಕೋಡಿನಲ್ಲಿ ಹೇಳಿದ್ದು ಆಗುತ್ತದೆ. ಒಂದು ನಕ್ಷೆ, ಅದಕ್ಕೆ 'ಮಗು' ಅಂತ ಹೆಸರು, ಅದು ಕ್ಲಾಸು. ಅದೇ ನಕ್ಷೆಯಿಂದ ಪೆಟ್ಟಿಗೆಗೊಂದು ಮಗು, ಅದು ಆಬ್ಜೆಕ್ಟು. ಕೋಡು ಎಲ್ಲರಿಗೂ ಒಂದೇ, ಒಂದೇ ಸಲ ಬರೆದರೆ ಸಾಕು. ತೂಕ, ಹಾಲು, ಔಷಧಿ ಮಾತ್ರ ಅವರವರದು. ಈಗ ಅದಕ್ಕೊಂದು ಹೆಸರಿನ ಖಾನೆ. ನಾಲ್ಕೇ ಸಾಲಿನ ಕೆಲಸ.

ಪರೀಕ್ಷೆ ಮಾಡಬೇಕಲ್ಲ. ಸುಳ್ಳು ಮಗುವನ್ನು ಸೇರಿಸುವಂತಿಲ್ಲ. ಹಿಂದೆ ಯಾರೋ ಹಾಗೆ ಸೇರಿಸಿ, ಹುಟ್ಟೇ ಇರದ ಮಗುವಿಗೆ ಔಷಧಿ ಸಿರಿಂಜಿಗೆ ಎಳೆದಿದ್ದರಂತೆ. ಅವತ್ತಿನಿಂದ ಹೆಡ್ ಸಿಸ್ಟರ್ ಕಟ್ಟಪ್ಪಣೆ. ಸರಿ, ನನ್ನ ಮಗಳ ಸಾಲನ್ನೇ ತೆರೆದೆ. ಹೆಸರಿನ ಖಾನೆಯಲ್ಲಿ ಕರ್ಸರ್ ಮಿನುಗುತ್ತಾ ನಿಂತಿತು. ನಾನೂ ನಿಂತೆ. ಬೆರಳು ಕೀಲಿಯ ಮೇಲೆ ಇಳಿಯಲೊಲ್ಲದು.

ಖಾಲಿ ಬಿಟ್ಟೇ ಸೇವ್ ಒತ್ತಿದೆ. ಖಾಲಿ ಬಂತು. ಸರಿಯಾಗಿದೆ ಅಂದುಕೊಂಡು ಸಾರ್‌ಗೆ ಕಳಿಸಿದೆ. ಪುರುಸೊತ್ತಾದಾಗ ಬೋರ್ಡಿಗೆ ಏರಿಸುತ್ತಾರಂತೆ.

ಸಂಜೆ ತೂಕ ಹಾಕುವಾಗ ಒಂದು ಕೇಜಿ ದಾಟಿದಳು! ಇವರು ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಲಿಫ್ಟಿನವನಿಗೆ ಎರಡು ಸಲ.

ಆಗಸ್ಟ್ 10

ಬೆಳಿಗ್ಗೆ ಅವಳ ಬಣ್ಣ ಸರಿ ಇರಲಿಲ್ಲ. ಹಾಲು ನಿಲ್ಲಿಸಿದ್ದಾರೆ. ರಕ್ತ ತೆಗೆದುಕೊಂಡು ಹೋದರು. ಅಷ್ಟು ಸಣ್ಣ ಕೈಯಿಂದ —

ಆಗಸ್ಟ್ 12

ಸೋಂಕಂತೆ. ಮತ್ತೆ ಉಸಿರಿನ ಮಷೀನು.

ಪಂಪು ಬಿಟ್ಟಿಲ್ಲ. ಹಾಲು ಯಾರಿಗೋ ಗೊತ್ತಿಲ್ಲ. ಫ್ರಿಜ್ಜು ತುಂಬಿದೆ.

ಆಗಸ್ಟ್ 19, ಬೆಳಿಗ್ಗೆ

ಬರೆಯುವ ಹಾಗಾಗಿದೆ ಅಂದರೆ ಅರ್ಥ ಅವಳು ಇದ್ದಾಳೆ ಅಂತ.

ಮಷೀನು ನಿನ್ನೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ, ನಡುವೆ ಒಮ್ಮೊಮ್ಮೆ ಮರೆಯುತ್ತಾಳೆ. ನಿಜವಾಗಿಯೂ ಮರೆಯುತ್ತಾಳೆ. ಹೊತ್ತಿಗೆ ಮುಂಚೆ ಬಂದ ಮಕ್ಕಳಿಗೆ ಉಸಿರಾಡಬೇಕು ಅನ್ನುವುದೇ ನೆನಪಿರುವುದಿಲ್ಲವಂತೆ. ಅಲಾರಂ ಹೊಡೆದುಕೊಂಡಾಗ ಸಿಸ್ಟರ್ ಬಂದು ಅಂಗಾಲಿಗೆ ಮೆಲ್ಲಗೆ ಬೆರಳಿನಿಂದ ತಟ್ಟುತ್ತಾರೆ. ಅಯ್ಯೋ ಹೌದಲ್ಲ ಅನ್ನುವವಳ ಹಾಗೆ ಮತ್ತೆ ಶುರು.

ಆ ದಿನಗಳಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ಒಂದು ಮಾತ್ರ. ಒಂದು ಮಧ್ಯಾಹ್ನ ನಾಲ್ಕು ಅಲಾರಂ ಒಟ್ಟಿಗೆ. ಎಲ್ಲ ಓಡಿ ಬಂದರು. ನಾನು ಗೋಡೆಗೆ ಅಂಟಿಕೊಂಡೆ. ಅವಳನ್ನು ಕರೆಯಬೇಕು ಅನ್ನಿಸಿತು. ಹೋಗಬೇಡ, ಬಾ ಅಂತ. ಬಾಯಿ ತೆರೆದೆ. ಏನಂತ ಕರೆಯಲಿ? ಗುಂಡುಸೂಜಿ ಅಂತಲೇ? ಎರಡನೇ ಪೆಟ್ಟಿಗೆ ಅಂತಲೇ? 'ಮಗು, ಮಗು' ಅಂದೆ. ಆ ವಾರ್ಡಿನಲ್ಲಿ ಎಲ್ಲವೂ ಮಗುವೇ.

ನೋವಾಗದಿರಲಿ ಅಂತ ಹೆಸರು ಇಟ್ಟಿರಲಿಲ್ಲ. ಹೆಸರಿಲ್ಲದಿದ್ದರೂ ನೋವು ಅಷ್ಟೇ ಆಯಿತು. ಒಂದು ಚೂರೂ ಕಡಿಮೆಯಾಗಲಿಲ್ಲ. ಆದರೂ ಧೈರ್ಯ ಬರುತ್ತಿಲ್ಲ, ಏನು ಮಾಡಲಿ.

ಪಾರ್ಲರಿನವಳು ಆ ದಿನಗಳಲ್ಲಿ ಒಂದು ಮಾತೂ ಆಡದೆ ನನ್ನ ಪಕ್ಕ ಕೂತಿರುತ್ತಿದ್ದಳು. ಅವಳಿಗೆ ಅದು ಎಷ್ಟು ಕಷ್ಟವಾಗಿರಬೇಕು! ನನ್ನ ಕೂದಲು ಬಾಚಿ ಜಡೆ ಹೆಣೆದುಕೊಡುತ್ತಿದ್ದಳು, ದಿನಾ.

ಆಗಸ್ಟ್ 20, ಮಧ್ಯಾಹ್ನ ಒಂದು ಗಂಟೆ

ಪಾರ್ಲರಿನವಳ ಮಗನಿಗೆ ನಾಳೆ ಬೆಳಿಗ್ಗೆ ಆಪರೇಷನ್. ಹೃದಯದ ಹತ್ತಿರ, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದ ಸಣ್ಣ ನಾಳವೊಂದು ಮುಚ್ಚಿಕೊಂಡಿಲ್ಲ. ಡಾಕ್ಟರು ಸುಲಭದ್ದು ಅಂದರು. ಸುಲಭದ್ದು ಅಂತ ಅವರು ಹೇಳಿದ ರೀತಿ ನಮ್ಮಿಬ್ಬರಿಗೂ ಹಿಡಿಸಲಿಲ್ಲ.

ಇವತ್ತೇ ಸಾರ್ ಹೊಸ ಖಾನೆಯನ್ನು ಬೋರ್ಡಿಗೆ ಏರಿಸಿದರು. ಅವಳ ಮುಖ ಅರಳಿತು. "ಅಕ್ಕ, ಸರಿಯಾದ ಟೈಮಿಗೆ ಬಂತು ನೋಡಿ. ನಾಳೆ ಅವನು ಹೆಸರು ಹಾಕ್ಕೊಂಡೇ ಒಳಗೆ ಹೋಗ್ಬೇಕು. ಇಂಥವಳ ಮಗು ಅಂತ ಕಳ್ಸಲ್ಲ ನಾನು."

ಹೆಡ್ ಸಿಸ್ಟರ್ ಬೋರ್ಡಿಗೆ ಬರೆಯುವ ಟ್ಯಾಬ್ ಅವಳ ಕೈಗೇ ಕೊಟ್ಟರು. ಒಂದೊಂದಕ್ಷರ ಹುಡುಕಿ ಹುಡುಕಿ ಒತ್ತಿದಳು. ಸೇವ್. ಎಲ್ಲರೂ ಬೋರ್ಡು ನೋಡಿದೆವು.

ಖಾಲಿ.

ಮತ್ತೆ ಹಾಕಿದಳು. ಖಾಲಿ. ಮೂರನೇ ಸಲವೂ ಹಾಕಿದಳು. ತಪ್ಪು ಅಂತ ಕೆಂಪಗೆ ಬರಲೂ ಇಲ್ಲ. 'ಸೇವ್ ಆಗಿದೆ' ಅಂತಲೇ ಬಂತು. ಮೂರನೇ ಸಾಲಿನ ಖಾನೆ ಮಾತ್ರ ಬೆಳ್ಳಗೆ.

"ಅಕ್ಕ... ಹೆಸರು ನಿಲ್ತಿಲ್ಲ." ಅವಳ ಧ್ವನಿಯನ್ನು ನಾನು ಇಷ್ಟು ಸಣ್ಣಗೆ ಕೇಳಿದ್ದೇ ಇಲ್ಲ. "ಯಾಕೆ ನಿಲ್ತಿಲ್ಲ ಅವನ ಹೆಸರು?"

ಮಷೀನಿನ ತಪ್ಪು ಕಣೇ, ಅಂದೆ. ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಮುಂದೆ ಕುಸಿದು ಕೂತಳು. ನಾಳೆ ಕಳಿಸುವುದೇ ಇಲ್ಲ ಅನ್ನುತ್ತಿದ್ದಾಳೆ. ಸಹಿ ಹಾಕಲ್ಲವಂತೆ.

ಲ್ಯಾಪ್‌ಟಾಪು ತೆಗೆದಿದ್ದೇನೆ. ಅವಳನ್ನು ಹೆದರಿಸಿದ್ದು ನನ್ನ ನಾಲ್ಕು ಸಾಲು. ಸಂಜೆಯೊಳಗೆ ಸರಿಯಾಗಲೇಬೇಕು.

ಅದೇ ದಿನ, ಮೂರೂವರೆ

ಸಿಕ್ಕಿತು. ತಲೆ ತಲೆ ಚಚ್ಚಿಕೊಂಡೆ.

ಹೊರಗಿನಿಂದ ಒಂದು ಹೆಸರು ಬರುತ್ತದೆ. ಅದನ್ನು ಮಗುವಿನ ಖಾನೆಯಲ್ಲಿ ಇಡಬೇಕು. ಬಂದದ್ದಕ್ಕೂ 'ನೇಮ್' ಅಂದಿದ್ದೇನೆ, ಖಾನೆಗೂ 'ನೇಮ್' ಅಂದಿದ್ದೇನೆ. ನೇಮ್ ಈಕ್ವಲ್ ಟು ನೇಮ್. ಕಂಪ್ಯೂಟರು ಹತ್ತಿರ ಕಂಡದ್ದನ್ನು ಹಿಡಿದುಕೊಂಡಿತು — ಈಗ ತಾನೇ ಬಂದ ಹೆಸರನ್ನು. ಅದನ್ನೇ ತೆಗೆದು ಅದಕ್ಕೇ ಕೊಟ್ಟು, ಆಯಿತು ಅಂತ ಕೈ ಒರೆಸಿಕೊಂಡಿತು. ಮಗುವಿನ ಖಾನೆಯನ್ನು ಮುಟ್ಟಲೇ ಇಲ್ಲ. ಬಿಟ್ಟುಹೋದದ್ದು 'ಈ' ಅನ್ನುವ ಒಂದೇ ಪದ. ದಿಸ್. ದಿಸ್ ಡಾಟ್ ನೇಮ್ ಅಂದಿದ್ದರೆ ಮುಗಿದಿತ್ತು: ಯಾವ ಮಗುವಿನ ಕೆಲಸಕ್ಕೆ ಕರೆದಿದ್ದಾರೋ ಆ ಮಗುವಿನದೇ ಖಾನೆ. ತೂಕದ ಕೋಡಿನಲ್ಲಿ ಇದೆ, ಹಾಲಿನದರಲ್ಲಿ ಇದೆ. ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ. ಹೆಸರಿನಲ್ಲಿ ಮಾತ್ರ ಬಿಟ್ಟಿದ್ದೇನೆ.

ಒಂದೇ ಒಂದು ಹೆಸರು ಹಾಕಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ಖಾಲಿ ಹಾಕಿದೆ, ಖಾಲಿ ಬಂತು, ಸರಿ ಅಂದೆ. ನನ್ನ ಹೆದರಿಕೆ ಹೋಗಿ ಪಕ್ಕದವಳನ್ನು ಹೆದರಿಸಿತು.

ತಿದ್ದಿ ಸಾರ್‌ಗೆ ಕಳಿಸಿದೆ. ಕೂಡಲೇ ಏರಿಸಿದರು. ಅವಳ ಹತ್ತಿರ ಹೋಗಿ ಪಕ್ಕದಲ್ಲಿ ಕೂತೆ. ಅತ್ತೆಯೂ ಅಲ್ಲೇ ಇದ್ದರು, ನೀರು ಕುಡಿಸುತ್ತಿದ್ದರು.

"ನೋಡು, ಹೆಸರಿಗೆ ಏನೂ ಆಗಿಲ್ಲ. ನಾನು ಕೈ ಇಡೋದು ಮರ್ತಿದ್ದೆ, ಅಷ್ಟೆ."

"ಕೈ ಇಡೋದಾ?"

"ಸಿಸ್ಟರ್ ಹೇಳಲ್ವಾ, ಕೈ ಇಟ್ಟು ಹೇಳಿ ಅಂತ? ಬಾಗಿಲಲ್ಲಿ ನಿಂತು 'ಮಗೂಗೆ ಹಾಲು' ಅಂದ್ರೆ ಹಾಲು ಯಾರಿಗೂ ಸೇರಲ್ಲ. ನಾನೂ ಹಂಗೇ ಮಾಡಿದೀನಿ. ಹೆಸರು ತಂದು ಬಾಗಿಲಲ್ಲೇ ನಿಲ್ಸಿದೀನಿ. ಯಾವ ಮಗು ಅಂತ ಹೇಳಿಲ್ಲ. ಈಗ ಹೇಳಿದೀನಿ. ಈ ಮಗು ಅಂತ."

ಅತ್ತೆ ಕಣ್ಣು ಕಿರಿದು ಮಾಡಿ ಯೋಚಿಸಿದರು. "ಅಂದ್ರೆ ಆ ಪದ ಇವನಿಗೆ ಹೇಳಿದ್ರೆ ಇವನು, ಗುಂಡುಸೂಜಿಗೆ ಹೇಳಿದ್ರೆ ಗುಂಡುಸೂಜಿ. ಯಾರ್ ಮೇಲೆ ಕೈಯೋ ಅವರು."

"ಅಷ್ಟೇ ಅತ್ತೆ."

"ಇಷ್ಟಕ್ಕೆ ಇಂಜಿನಿಯರಿಂಗ್ ಓದ್ಬೇಕಿತ್ತಾ?"

ಪಾರ್ಲರಿನವಳು ಒಂದು ಗಳಿಗೆ ನಕ್ಕಳು. ಟ್ಯಾಬ್ ಕೊಟ್ಟೆ. ಮುಟ್ಟಲಿಲ್ಲ. ನನ್ನನ್ನೇ ನೋಡಿದಳು.

"ಅಕ್ಕ, ಇನ್ನೊಂದ್ಸಲ ಖಾಲಿ ಬಂದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಮೊದ್ಲು ನಿಮ್ ಮಗೂದು ಹಾಕಿ. ಬಂದ್ರೆ ನಾನು ಹಾಕ್ತೀನಿ."

"ನಮ್ದು... ಹೆಸರು ಇಟ್ಟಿಲ್ವಲ್ಲ."

"ಇಡಿ."

ಅವಳು ಕಟುವಾಗಿ ಹೇಳಲಿಲ್ಲ. ಕೇಳಿಕೊಂಡಳು. ಹೆಡ್ ಸಿಸ್ಟರ್ ದೂರದಲ್ಲಿ ಸಿರಿಂಜು ಜೋಡಿಸುತ್ತಾ ಕೇಳಿಸದವರ ಹಾಗೆ ನಿಂತಿದ್ದರು. ಅತ್ತೆ ತಲೆ ಎತ್ತಲಿಲ್ಲ, ಸೆರಗಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು. ಕಾರಿಡಾರಿಗೆ ಹೋಗಿ ಇವರಿಗೆ ಫೋನು ಮಾಡಿದೆ.

"ಹೇಳು— ಬ್ರೇಕ್! ಬ್ರೇಕ್, ಬ್ರೇಕ್, ಬ್ರೇಕ್ ತುಳೀರಿ! ...ನಿಂಗಲ್ಲ, ಹೇಳು. ಮಗು ಹೇಗಿದೆ?"

"ಚೆನ್ನಾಗಿದಾಳೆ. ಒಂದು ಕೇಳ್ಬೇಕಿತ್ತು."

"ಸೈಡಿಗೆ ಹಾಕಿ ಸಾರ್, ಇಂಡಿಕೇಟರ್... ಅದು ವೈಪರ್. ಇರ್ಲಿ ಬಿಡಿ. ಹೂಂ, ಹೇಳು."

"ಅವತ್ತು ಕಾರು ಒರೆಸ್ತಾ ಒಂದು ಹೆಸರು ಹೇಳಿದ್ರಲ್ಲ."

ಆ ಕಡೆ ವೈಪರ್ ಓಡುವ ಸದ್ದು ಮಾತ್ರ. ಕರ್ ಕರ್ ಕರ್. ಮಳೆ ಇರಲಿಲ್ಲ.

"ನಿಂಗೆ ಕೇಳ್ಸಿತ್ತಾ?" ಅಂದರು.

"ಕೇಳ್ಸಿತ್ತು. ಅದನ್ನೇ ಹಾಕ್ಲಾ?"

"ಹಾಕು," ಅಂದರು. ಸ್ವಲ್ಪ ಬಿಟ್ಟು, "ಗಟ್ಟಿಯಾಗಿ ಹೇಳಿ ಹಾಕು."

ಕೈ ತೊಳೆದು ಬಂದೆ, ಅಂಗೈ, ಹಿಂಗೈ, ಬೆರಳ ಸಂದು. ಟ್ಯಾಬ್ ತೆಗೆದುಕೊಂಡೆ. ಎರಡನೇ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಇಷ್ಟು ದಿನ ಇಟ್ಟಿರಲಿಲ್ಲ. ಅವರೆಲ್ಲ ಇಡುತ್ತಿದ್ದರು, ನಾನು ನೋಡುತ್ತಿದ್ದೆ. ಗಾಜು ಬೆಚ್ಚಗಿತ್ತು. ಒಳಗೆ ಅವಳು ಹಣೆ ಗಂಟಿಕ್ಕಿಕೊಂಡು ಮಲಗಿದ್ದಳು, ಏನೋ ಲೆಕ್ಕ ಹೊಂದುತ್ತಿಲ್ಲ ಅನ್ನುವವಳ ಹಾಗೆ.

"ಈ ಮಗು," ಅಂದೆ. ಹೆಸರು ಹೇಳಿದೆ, ಗಟ್ಟಿಯಾಗಿ. ನನ್ನ ಧ್ವನಿ ನನಗೇ ಹೊಸದು. ಹೆದರಿಕೆ ಹೋಗಿರಲಿಲ್ಲ. ಅದನ್ನು ಇಟ್ಟುಕೊಂಡೇ ಎರಡಕ್ಷರ ಒತ್ತಿದೆ. ಸೇವ್.

ಬೋರ್ಡು ನೋಡಲು ಆಗಲಿಲ್ಲ. ಅವಳನ್ನೇ ನೋಡುತ್ತಿದ್ದೆ. ಮೊದಲ ಸಲ, ಗೆರೆ ನೋಡದೆ.

ಹಿಂದಿನಿಂದ ಅತ್ತೆ ಓದಿದರು. ಓದು ಕಲಿತ ಹೊಸದರಲ್ಲಿ ಓದುವ ಹಾಗೆ, ಅಕ್ಷರ ಬಿಡಿಸಿ ಬಿಡಿಸಿ. ಓದಿ, ಮತ್ತೆ ಓದಿದರು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡರು.

ಪಾರ್ಲರಿನವಳು ಟ್ಯಾಬ್ ಕಸಿದುಕೊಂಡಳು. ಎಡಗೈ ಮೂರನೇ ಪೆಟ್ಟಿಗೆಯ ಮೇಲೆ, ಬಲಗೈಯಲ್ಲಿ ಅಕ್ಷರ. ಬಂತು. ಎದ್ದು ನಿಂತು ನನ್ನನ್ನು ತಬ್ಬಿಕೊಂಡು, ನನ್ನ ಟೋಪಿ ಜಾರಿ, ಹೆಡ್ ಸಿಸ್ಟರ್ ಕೈಯಲ್ಲಿ ಇಬ್ಬರೂ ಬೈಸಿಕೊಂಡೆವು. "ಇನ್‌ಫೆಕ್ಷನ್ ತಗಲೋ ಮಕ್ಕಳ ವಾರ್ಡಿದು, ಮದುವೆ ಮನೆ ಅಲ್ಲ! ಹೋಗಿ, ಮತ್ತೆ ಕೈ ತೊಳ್ಕೊಂಡು ಬನ್ನಿ."

ಆದರೆ ಬೈದ ಮೇಲೆ ಅವರು ಬೋರ್ಡಿನ ಕಡೆ ತಿರುಗಿ, ತುಂಬ ಹೊತ್ತು, ಎರಡೂ ಸಾಲು ನೋಡುತ್ತಿದ್ದರು.

ಆಗಸ್ಟ್ 21

ಬೆಳಿಗ್ಗೆ ಹುಡುಗನನ್ನು ಒಳಗೆ ಕರೆದುಕೊಂಡು ಹೋದರು. ಥಿಯೇಟರಿನವರು ಬಾಗಿಲಲ್ಲಿ ಹೆಸರು ಕೂಗಿದರು. ಅವನದೇ ಹೆಸರು. ಅವಳು "ಹೂಂ, ಅವನೇ" ಅಂದಳು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ.

ಬಾಗಿಲು ಮುಚ್ಚಿತು. ಬೆಂಚಿನಲ್ಲಿ ಕೂತೆವು. ಹುಬ್ಬು ಮಾಡ್ತೀಯಾ ಅಂದೆ. ಪರ್ಸಿನಲ್ಲಿ ದಾರ ಇತ್ತು ಅವಳ ಹತ್ತಿರ, ಎಂಥ ಹೆಂಗಸು! ಆಪರೇಷನ್ ಮುಗಿಯುವ ಹೊತ್ತಿಗೆ ಬಲ ಹುಬ್ಬು ಪೂರ್ತಿ ಆಗಿತ್ತು, ಎಡದ್ದು ಅರ್ಧ. ಡಾಕ್ಟರು ಹೊರಗೆ ಬಂದು "ಚೆನ್ನಾಗಾಯ್ತು" ಅಂದರು. ಅವಳು ದಾರ ಬಿಟ್ಟು ಓಡಿದಳು.

ಎಡ ಹುಬ್ಬು ಇನ್ನೂ ಹಾಗೇ ಇದೆ. ಇವರು ಸಂಜೆ ಬಂದು ನನ್ನ ಮುಖವನ್ನು ತುಂಬ ಹೊತ್ತು ನೋಡಿ, ಏನೂ ಕೇಳದೆ, ಬೋರ್ಡು ನೋಡಲು ಹೋದರು. ಅಲ್ಲೇ ನಿಂತುಬಿಟ್ಟರು. ಬಲಗಾಲು ಅಲ್ಲಾಡುತ್ತಿರಲಿಲ್ಲ.

ಆಗಸ್ಟ್ 25

ಬರೆಯಲು ಏನೂ ಇಲ್ಲ. ಹಾಲು ಕುಡಿದಳು, ಮಲಗಿದಳು. ಇಂಥ ದಿನ ಇನ್ನಷ್ಟು ಬರಲಿ.

ಅತ್ತೆ ಇನ್ನೂ ಗುಂಡುಸೂಜಿ ಅನ್ನುತ್ತಾರೆ. ಹೆಸರು ಇಟ್ಟಿದೆಯಲ್ಲ ಅಂದರೆ, "ಅದು ಬೋರ್ಡಿಗೆ, ಇದು ನಂಗೆ" ಅಂತಾರೆ. ನಾನು ಮಾತ್ರ ಹೆಸರು ಹಿಡಿದೇ ಮಾತಾಡಿಸುತ್ತೇನೆ. ಮೊದಮೊದಲು ಪಿಸುಗುಟ್ಟುತ್ತಿದ್ದೆ. ಈಗ ಪಾರ್ಲರಿನವಳ ಸಹವಾಸ, ಗಟ್ಟಿಯಾಗಿಯೇ. ನಿನ್ನೆ ಉಸಿರು ಮರೆತಾಗ ಸಿಸ್ಟರ್ ಬರುವುದರೊಳಗೆ ಅಂಗಾಲು ತಟ್ಟಿ ಹೆಸರು ಕೂಗಿದೆ. ಉಸಿರು ಎಳೆದುಕೊಂಡಳು. ತಟ್ಟಿದ್ದಕ್ಕೆ ಅಂತಾರೆ ಡಾಕ್ಟರು. ಇರಬಹುದು.

ಭಯ ಇದೆ. ದಿನಾ ಇದೆ. ಅದರ ಜೊತೆಗೇ ಅವಳ ಮೇಲಿನ ಪ್ರೀತಿಯೂ ಎದೆ ಬಿರಿಯುವಷ್ಟು ಇದೆ. ಎರಡೂ ಒಂದೇ ಜಾಗದಲ್ಲಿ ಹೇಗೆ ಹಿಡಿಯುತ್ತವೋ.

ಆಗಸ್ಟ್ 31, ಬೆಳಿಗ್ಗೆ

ತಾಯಂದಿರ ಕೋಣೆ. ಪಂಪು ಎದುರಿಗೆ. ಈ ಪುಸ್ತಕ ತಿರುವಿ ಹಾಕಿದೆ. ಇಷ್ಟೆಲ್ಲ ಬರೆದಿದ್ದೇನೆ, ಅವಳ ಹೆಸರು ಒಂದು ಕಡೆಯೂ ಇಲ್ಲ. ಬೋರ್ಡಿನ ಮೇಲಿದೆ, ಕಾಲಿನ ಪಟ್ಟಿಯಲ್ಲಿದೆ, ಇವರ ಕಾರಿನ ಕನ್ನಡಿಯ ಕೆಳಗೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದಾರೆ. ಇಲ್ಲಿ ಮಾತ್ರ 'ಅವಳು', 'ಮಗಳು', 'ಎರಡನೇ ಪೆಟ್ಟಿಗೆ'. ಇವತ್ತು ಬರೆದುಬಿಡುತ್ತೇನೆ. ನೀಟಾಗಿ, ದೊಡ್ಡ ಅಕ್ಷರದಲ್ಲಿ. ಪೆನ್ನು ಸರಿಯಾಗಿ ಮೂಡುತ್ತಿಲ್ಲ, ಒಂದು ನಿಮಿಷ...

ಪೆನ್ನು ಮೂಡಿತು.

ಹೆಸರಿಗೆ ಮೊದಲು ಒಂದು ಸುದ್ದಿ: ಇವತ್ತು ಅವಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ನನ್ನ ಎದೆಯ ಮೇಲೆ ಮಲಗಿಸುತ್ತಾರಂತೆ, ಮೊದಲ ಸಲ. ಚರ್ಮಕ್ಕೆ ಚರ್ಮ. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಬನ್ನಿ ಅಂದಿದ್ದರು. ಇವರದೇ ಅಂಗಿ ಹಾಕಿಕೊಂಡಿದ್ದೇನೆ. ಗಡಿಯಾರ ನೋಡುವುದಿಲ್ಲ ಅಂತ ನೋಡುತ್ತಲೇ ಇದ್ದೇನೆ.

ಹಾಂ, ಕೂಗುತ್ತಿದ್ದಾರೆ. ಹೆಡ್ ಸಿಸ್ಟರ್ ಧ್ವನಿ. ಎರಡನೇ ಪೆಟ್ಟಿಗೆ ಅಮ್ಮ ಅನ್ನಲಿಲ್ಲ. ಮೇಡಂ ಅನ್ನಲಿಲ್ಲ. ಅವಳ ಹೆಸರು ಹೇಳಿ, ಅವಳ ಅಮ್ಮ ಎಲ್ಲಿ, ಬರಬೇಕಂತೆ ಬೇಗ, ಅಂತಿದ್ದಾರೆ. ಅವಳ ಅಮ್ಮ! ನಾನೇ, ಬಂದೆ ಸಿಸ್ಟರ್, ಹೆಸರು ವಾಪಸು ಬಂದು ಬರೆ